ಮುಟ್ಟು ಬರಲೆಂದು ಕಾಯಬೇಡಿ: ಹೆರಿಗೆಯ ನಂತರ ಗರ್ಭನಿರೋಧಕದ ಆಯ್ಕೆ

(ಗರ್ಭಿಣಿಯರಿಗೂ ಅವರ ಮನೆಯವರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಉತ್ತರದೊಂದಿಗೆ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಹೆರಿಗೆಯಾದವರು ಮತ್ತೆ ಯಾವಾಗ ಬಸಿರಾಗಬಹುದು ಎಂದು ಕೇಳಿದರೆ ಹೆಚ್ಚಿನವರು "ಮುಟ್ಟು ಶುರುವಾದ ಮೇಲೆ" ಎನ್ನುತ್ತಾರೆ. ಇವತ್ತಿನ ಮಾತೆಲ್ಲ ಮರೆತರೂ ಚಿಂತೆಯಿಲ್ಲ, ಈ ಉತ್ತರ ತಪ್ಪು ಎನ್ನುವುದೊಂದು ನೆನಪಿರಲಿ. ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದು ಮೊದಲು. ಅದು ಫಲಿಸದೆ ಹೋದರೆ ಸುಮಾರು ಎರಡು ವಾರದ ಮೇಲೆ ಮುಟ್ಟು ಬರುತ್ತದೆ. ಹೆರಿಗೆಯ ನಂತರದ ಮೊದಲ ಅಂಡವೇ ಫಲಿಸಿಬಿಟ್ಟರೆ ಮುಟ್ಟು ಕಾಣಿಸುವುದೇ ಇಲ್ಲ. "ಬಾಣಂತನದಲ್ಲಿ ಮುಟ್ಟಾಗದಿರುವುದು ಸಹಜ" ಎಂದುಕೊಂಡೇ ನಾಲ್ಕೈದು ತಿಂಗಳು ಕಳೆದುಹೋಗುತ್ತದೆ. ಹೊಟ್ಟೆಯಲ್ಲಿ ಮಗು ಮಿಸುಕಾಡಿದಾಗ ವಿಷಯ ಗೊತ್ತಾಗುತ್ತದೆ.

ಹಾಗಾದರೆ ಎಷ್ಟು ಬೇಗ ಬಸಿರಾಗಬಹುದು? ಎದೆಹಾಲು ಕೊಡದ ಬಾಣಂತಿಯಲ್ಲಿ ಹೆರಿಗೆಯಾದ 25ನೇ ದಿನದಷ್ಟು ಬೇಗ ಅಂಡ ಬಿಡುಗಡೆಯಾಗಬಲ್ಲದು. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಜೀವಂತ ಇರಬಲ್ಲದು. ಎರಡನ್ನೂ ಕೂಡಿಸಿ ನೋಡಿದರೆ 21ನೇ ದಿನದಿಂದಲೇ ರಕ್ಷಣೆ ಬೇಕಾಗುತ್ತದೆ. ಆದರೆ ಬಾಣಂತಿಯ ತಪಾಸಣೆಗೆ ವೈದ್ಯರು ಸಾಮಾನ್ಯವಾಗಿ ಬರಹೇಳುವುದು ಆರು ವಾರಕ್ಕೆ, ಅಂದರೆ 42ನೇ ದಿನಕ್ಕೆ. ಗರ್ಭನಿರೋಧಕದ ಮಾತನ್ನು ಆ ದಿನಕ್ಕೆಂದು ಎತ್ತಿಟ್ಟರೆ ಮೂರು ವಾರ ಯಾವ ರಕ್ಷಣೆಯೂ ಇಲ್ಲದೆ ಹೋಗುತ್ತದೆ. ಅಷ್ಟೇ ಅಲ್ಲ, ಕೆಲವು ವಿಧಾನಗಳನ್ನು ಹೆರಿಗೆ ಕೋಣೆಯಲ್ಲೇ ಅಳವಡಿಸಲು ಆಗುತ್ತದೆ. ಆ ಅವಕಾಶ ತಪ್ಪಿದರೆ ಮತ್ತೆ ವಾರಗಟ್ಟಲೆ ಕಾಯಬೇಕು. ಆದ್ದರಿಂದ ನಮ್ಮ ಆಗ್ರಹ ಇಷ್ಟು: ಯಾವ ವಿಧಾನ ಎಂಬ ತೀರ್ಮಾನ ಗರ್ಭಿಣಿಯಾಗಿರುವಾಗಲೇ, ಏಳೆಂಟನೇ ತಿಂಗಳೊಳಗೆ ಆಗಲಿ. ಆ ತೀರ್ಮಾನ ತಪಾಸಣೆಯ ಕಾರ್ಡಿನಲ್ಲಿ ಬರಹವಾಗಿ ಇರಲಿ.

ಎರಡು ಮಕ್ಕಳ ನಡುವೆ ಎಷ್ಟು ಅಂತರ ಇರಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಹೆರಿಗೆಯಾದ ಮೇಲೆ ಮತ್ತೆ ಬಸಿರಿಗೆ ಪ್ರಯತ್ನಿಸುವ ಮುನ್ನ ಕನಿಷ್ಠ 24 ತಿಂಗಳು ಬಿಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹುಟ್ಟಿನಿಂದ ಹುಟ್ಟಿಗೆ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಮೂರು ವರ್ಷ. ಆರು ತಿಂಗಳೊಳಗೆ ಮತ್ತೆ ಬಸಿರಾದರೆ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ತಾಯಿಗೆ ರಕ್ತಹೀನತೆ ಇವೆಲ್ಲ ಹೆಚ್ಚುತ್ತವೆ. ಗರ್ಭಪಾತವಾದವರಿಗೆ ಈ ಸಲಹೆ ಕನಿಷ್ಠ ಆರು ತಿಂಗಳು. ಆದರೆ ಅವರಲ್ಲಿ ಅಂಡ ಎರಡೇ ವಾರದಲ್ಲಿ ಬಿಡುಗಡೆಯಾಗಬಹುದು, ಹಾಗಾಗಿ ಅವರಿಗೆ ಆತುರ ಇನ್ನೂ ಹೆಚ್ಚು.

ಹಾಲೂಡಿಸುವುದೇ ರಕ್ಷಣೆಯಾಗುವುದು ಯಾವಾಗ

"ಹಾಲು ಕುಡಿಸುತ್ತಿದ್ದರೆ ಬಸಿರಾಗುವುದಿಲ್ಲ" ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಮಗು ಚೀಪಿದಾಗಲೆಲ್ಲ ಮೆದುಳಿಗೆ ಹೋಗುವ ಸಂದೇಶ ಅಂಡ ಬಲಿಯುವುದನ್ನು ತಡೆಯುತ್ತದೆ. ಆದರೆ ಅದನ್ನು ನಂಬಿ ಕೂರಬೇಕಾದರೆ ಮೂರು ಷರತ್ತುಗಳಿವೆ, ಮೂರೂ ಒಟ್ಟಿಗೆ ಇರಬೇಕು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ಮರಳಿರಬಾರದು. ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಈ ಮೂರನೆಯದರಲ್ಲೇ ಸೇರಿದ ಮಾತು, ಹಗಲು ನಾಲ್ಕು ಗಂಟೆಗಿಂತ, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರವಿಲ್ಲದೆ ಹಾಲೂಡಿಸುತ್ತಿರಬೇಕು. ಹೀಗೆ ನಡೆದರೆ ಆರು ತಿಂಗಳಲ್ಲಿ ನೂರರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಬಸಿರಾಗುವುದಿಲ್ಲ. ಯಾವುದೇ ಒಳ್ಳೆಯ ವಿಧಾನದ ಜೊತೆ ನಿಲ್ಲಿಸಬಹುದಾದ ಲೆಕ್ಕ ಇದು.

ಎಡವುವುದು ಷರತ್ತಿನ ಚಿಕ್ಕಪುಟ್ಟ ಅಂಶಗಳಲ್ಲಿ. ಮಗು ರಾತ್ರಿ ಎಂಟು ಗಂಟೆ ಸಲೀಸಾಗಿ ಮಲಗಲು ಶುರುಮಾಡುತ್ತದೆ, ಮನೆಯವರಿಗೆಲ್ಲ ಖುಷಿ. ಆದರೆ ಅಂದಿನಿಂದ ಈ ವಿಧಾನ ಮುಗಿಯಿತು. ತಾಯಿ ಕೆಲಸಕ್ಕೆ ಹೊರಟು, ಹಾಲನ್ನು ಹಿಂಡಿಟ್ಟು ಹೋದರೆ ಮಗುವಿಗೆ ಸಿಗುವುದು ಎದೆಹಾಲೇ ನಿಜ. ಆದರೂ ತಾಯಿಯ ದೇಹಕ್ಕೆ ಬೇಕಾದದ್ದು ಮಗು ಚೀಪುವ ಕ್ರಿಯೆ, ಕೈಯಿಂದಲೋ ಪಂಪಿನಿಂದಲೋ ಹಿಂಡಿದರೆ ಅದು ಅಷ್ಟು ಸಿಗುವುದಿಲ್ಲ. ಇನ್ನು ಮುಟ್ಟಿನ ಲೆಕ್ಕ: ಹೆರಿಗೆಯಾದ ಮೊದಲ 56 ದಿನಗಳೊಳಗೆ ಹೋಗುವ ರಕ್ತವನ್ನು ಮುಟ್ಟೆಂದು ಎಣಿಸುವುದಿಲ್ಲ. ಆಮೇಲೆ ಸತತ ಎರಡು ದಿನ ರಕ್ತ ಹೋದರೆ ಮುಟ್ಟು ಮರಳಿತೆಂದೇ ತಿಳಿಯಿರಿ. ಮೂರರಲ್ಲಿ ಒಂದು ಷರತ್ತು ತಪ್ಪಿದ ದಿನವೇ ಮುಂದಿನ ವಿಧಾನ ಕೈಯಲ್ಲಿರಬೇಕು. ಅದಕ್ಕೇ, ಇದನ್ನು ಆರಿಸಿಕೊಂಡವರು ಒಂದು ಪೊಟ್ಟಣ ಕಾಂಡೋಮನ್ನು ಮೊದಲೇ ಮನೆಯಲ್ಲಿ ಇಟ್ಟುಕೊಳ್ಳಿ ಎನ್ನುತ್ತೇವೆ.

ಮಾಸು ಬಿದ್ದ ಹತ್ತು ನಿಮಿಷ

ಈಗ ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ. ಇದರ ಬಗ್ಗೆ ಹೆಚ್ಚು ಹೊತ್ತು ಮಾತಾಡುತ್ತೇವೆ. ಒಮ್ಮೆ ಹಾಕಿಸಿದರೆ ಹತ್ತು ವರ್ಷ ಯೋಚನೆಯಿಲ್ಲ, ಹಾರ್ಮೋನಿಲ್ಲ, ಹಾಲಿಗೆ ಏನೂ ಆಗುವುದಿಲ್ಲ. ಬೇಡವೆಂದ ದಿನ ತೆಗೆಸಿದರೆ ಬಸಿರಾಗುವ ಶಕ್ತಿ ಕೂಡಲೇ ಮರಳುತ್ತದೆ. ಇಷ್ಟು ಒಳ್ಳೆಯ ಸಾಧನದ ಸುತ್ತ ಇಷ್ಟು ಭಯ ಹುಟ್ಟಿಕೊಂಡಿರುವುದು ನಮಗೆ ನಿಜಕ್ಕೂ ಬೇಸರದ ವಿಷಯ.

ಸಾಮಾನ್ಯವಾಗಿ ಬಳಕೆಯಲ್ಲಿರುವುದು ಕಾಪರ್-ಟಿ 380ಎ. ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪ್ಲಾಸ್ಟಿಕ್ ತುಣುಕು. ಉದ್ದ 36 ಮಿಲಿಮೀಟರ್, ಅಗಲ 32. ಕಾಂಡಕ್ಕೆ ತಾಮ್ರದ ತಂತಿ ಸುತ್ತಿರುತ್ತದೆ, ಎರಡು ತೋಳುಗಳಿಗೂ ತಾಮ್ರದ ಪಟ್ಟಿ ಇರುತ್ತದೆ. 380 ಎಂಬುದು ತಾಮ್ರದ ಮೇಲ್ಮೈ ವಿಸ್ತೀರ್ಣ, ಚದರ ಮಿಲಿಮೀಟರುಗಳಲ್ಲಿ. ತಾಮ್ರದ ಅಯಾನುಗಳು ವೀರ್ಯಾಣುವಿನ ಚಲನೆಯನ್ನು ಕೆಡಿಸುತ್ತವೆ, ಅಂಡವನ್ನು ತಲುಪಲು ಬಿಡುವುದಿಲ್ಲ. ಬುಡದಲ್ಲಿ ಎರಡು ಎಳೆ ನೈಲಾನಿನಂಥ ದಾರ ಇರುತ್ತದೆ.

ಹಾಕಲು ಮೂರು ಸಮಯಗಳಿವೆ: ಮಾಸು ಹೊರಬಿದ್ದ ಹತ್ತು ನಿಮಿಷದೊಳಗೆ, ಇಲ್ಲವೇ 48 ಗಂಟೆಯೊಳಗೆ, ಇಲ್ಲವೇ ನಾಲ್ಕು ವಾರ ಕಳೆದ ಮೇಲೆ. ಸಿಸೇರಿಯನ್ ಆದರೆ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಮುನ್ನವೇ ಇಟ್ಟುಬಿಡಬಹುದು. ನಡುವಿನ ಅವಧಿಯಲ್ಲಿ, ಅಂದರೆ ಮೂರನೇ ದಿನದಿಂದ ನಾಲ್ಕು ವಾರದವರೆಗೆ, ಸಾಮಾನ್ಯವಾಗಿ ಹಾಕುವುದಿಲ್ಲ. ಆಗ ಗರ್ಭಕೋಶ ಮೆತ್ತಗಿದ್ದು ದಿನದಿನಕ್ಕೂ ಕುಗ್ಗುತ್ತಿರುತ್ತದೆ. ವಂಕಿ ಜಾರಿ ಬೀಳುವುದೂ ಗೋಡೆಗೆ ಚುಚ್ಚುವುದೂ ಹೆಚ್ಚು.

ಹೆರಿಗೆಯಾದ ಕೂಡಲೇ ಗರ್ಭಕೋಶದ ತುದಿ ಹೊಕ್ಕುಳಿನ ಮಟ್ಟದಲ್ಲಿರುತ್ತದೆ. ವಂಕಿ ಕೂರಬೇಕಾದದ್ದು ಆ ತುದಿಯಲ್ಲಿ. ಮಾಮೂಲಿ ಕೊಳವೆ ಅಷ್ಟು ದೂರ ಮುಟ್ಟುವುದಿಲ್ಲ, ಅದಕ್ಕೇ ಉದ್ದನೆಯ ಬಾಗಿದ ಇಕ್ಕಳ ಬಳಸುತ್ತಾರೆ. ವೈದ್ಯರು ಅಥವಾ ನರ್ಸ್ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ಗರ್ಭಕೋಶವನ್ನು ನೆಟ್ಟಗೆ ಹಿಡಿದು, ಇನ್ನೊಂದು ಕೈಯಲ್ಲಿ ಇಕ್ಕಳವನ್ನು ಮೇಲಕ್ಕೆ ಸರಿಸುತ್ತಾರೆ. ತುದಿ ಮುಟ್ಟಿದ್ದು ಹೊಟ್ಟೆಯ ಮೇಲಿನ ಕೈಗೆ ತಿಳಿಯಬೇಕು. ಇಕ್ಕಳ ಬಿಚ್ಚಿ, ಒಂದು ಪಕ್ಕಕ್ಕೆ ಸರಿಸಿ, ವಂಕಿ ಜೊತೆಗೆ ಬಾರದ ಹಾಗೆ ನಿಧಾನಕ್ಕೆ ಹೊರತೆಗೆಯುತ್ತಾರೆ. ಅರ್ಧ ದಾರಿಯಲ್ಲಿ ಬಿಟ್ಟರೆ ಗರ್ಭಕೋಶ ಸಂಕುಚಿಸಿದಾಗ ಅದನ್ನು ಹೊರಗೆ ತಳ್ಳಿಬಿಡುತ್ತದೆ. ವಂಕಿ ನಿಲ್ಲುವುದೂ ಬೀಳುವುದೂ ಬಹುಪಾಲು ಈ ಕೈಚಳಕವನ್ನೇ ಅವಲಂಬಿಸಿದೆ, ಆದ್ದರಿಂದ ತರಬೇತಿ ಪಡೆದವರೇ ಹಾಕಬೇಕು.

ಚೆನ್ನಾಗಿ ಹಾಕಿದರೂ, ಹೆರಿಗೆಯ ಹೊತ್ತಿನಲ್ಲಿ ಹಾಕಿದ ವಂಕಿ ಬಿದ್ದುಹೋಗುವ ಸಂಭವ ಆಮೇಲೆ ಹಾಕಿದ್ದಕ್ಕಿಂತ ಹೆಚ್ಚು. ಸಹಜ ಹೆರಿಗೆಯಲ್ಲಿ ಹತ್ತರಲ್ಲಿ ಒಬ್ಬರಿಗೋ ಅದಕ್ಕಿಂತ ಹೆಚ್ಚು ಮಂದಿಗೋ ಹೀಗಾಗಬಹುದು, ಸಿಸೇರಿಯನ್ನಿನಲ್ಲಿ ಇದು ಕಡಿಮೆ. ಹಾಗಿದ್ದರೂ ನಾವು ಇದನ್ನು ಬೆಂಬಲಿಸುವುದು ಏಕೆಂದರೆ, "ಆರು ವಾರಕ್ಕೆ ಬಂದು ಹಾಕಿಸಿಕೊಳ್ಳುತ್ತೇನೆ" ಎಂದು ಹೋದವರಲ್ಲಿ ಎಲ್ಲರೂ ಮರಳಿ ಬರಲಾಗುವುದಿಲ್ಲ. ಬಿದ್ದರೆ ಹೆಚ್ಚಾಗಿ ಬೀಳುವುದು ಮೊದಲ ಕೆಲವು ವಾರಗಳಲ್ಲೇ. ಪ್ಯಾಡ್ ಬದಲಿಸುವಾಗ ಒಮ್ಮೆ ಕಣ್ಣಾಡಿಸಿ. ಹೆರಿಗೆ ನೋವಿನಂಥ ಸೆಳೆತ ಬಂದರೆ, ಯೋನಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಕೈಗೆ ತಗುಲಿದರೆ, ತೋರಿಸಿ.

ದಾರದ ವಿಷಯದಲ್ಲಿ ಗಾಬರಿ ಬೀಳುವವರು ಬಹಳ. ಹೆರಿಗೆಯಲ್ಲಿ ಹಾಕುವಾಗ ದಾರವನ್ನು ಕತ್ತರಿಸುವುದಿಲ್ಲ, ಅದು ಒಳಗೇ ಇರುತ್ತದೆ. ಗರ್ಭಕೋಶ ಕುಗ್ಗುತ್ತ ಬಂದ ಹಾಗೆ ದಾರ ಕೆಳಗಿಳಿದು ಗರ್ಭಕೋಶದ ಬಾಯಿಯಿಂದ ಹೊರಗೆ ಕಾಣುತ್ತದೆ. ಆರು ವಾರದ ತಪಾಸಣೆಯಲ್ಲಿ ಉದ್ದವಿದ್ದರೆ ಕತ್ತರಿಸುತ್ತಾರೆ. ಕಾಣದಿದ್ದರೆ ಹೆಚ್ಚಿನ ಸಲ ಒಳಗೆ ಸುರುಳಿಯಾಗಿರುತ್ತದೆ, ಸಿಸೇರಿಯನ್ ಆದವರಲ್ಲಿ ಇದು ಸಾಮಾನ್ಯ. ಸ್ಕ್ಯಾನಿಂಗ್ ಮಾಡಿ ವಂಕಿ ಸ್ಥಾನದಲ್ಲಿದೆಯೇ ಎಂದು ನೋಡಿದರೆ ಸಾಕು. ಸ್ಕ್ಯಾನಿನಲ್ಲೂ ಕಾಣದಿದ್ದರೆ ಹೊಟ್ಟೆಯ ಎಕ್ಸ್-ರೇ. ಇದೆಯೋ ಇಲ್ಲವೋ ಖಚಿತವಾಗುವವರೆಗೆ ಕಾಂಡೋಮ್ ಬಳಸಬೇಕು.

ನಾಲ್ಕು ವಾರದ ನಂತರ ಹಾಕುವಾಗ ಗರ್ಭಕೋಶಕ್ಕೆ ಚುಚ್ಚುವ ಅಪಾಯ ಸಾವಿರಕ್ಕೆ ಒಂದೆರಡು. ಹಾಲೂಡಿಸುವವರಲ್ಲಿ ಅದು ಇನ್ನಷ್ಟು ಹೆಚ್ಚು, ಏಕೆಂದರೆ ಗೋಡೆ ತೆಳ್ಳಗಿರುತ್ತದೆ. ಹಾಕಿಸಬೇಡಿ ಎಂದಲ್ಲ, ಹಾಕುವವರಿಗೆ "ಹಾಲು ಕುಡಿಸುತ್ತಿದ್ದೇನೆ" ಎಂದು ಹೇಳಿ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ರಕ್ತವೂ ನೋವೂ ಹೆಚ್ಚಬಹುದು, ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಸಿಡ್ ಮಾತ್ರೆಗಳಿಂದ ತಗ್ಗುತ್ತದೆ. ಮೊದಲೇ ರಕ್ತಹೀನತೆ ಇದ್ದವರು, ಮುಟ್ಟು ಜೋರಾಗಿದ್ದವರು ತಾಮ್ರದ್ದರ ಬದಲು ಲೆವೊನಾರ್ಜೆಸ್ಟ್ರೆಲ್ ಹಾರ್ಮೋನಿರುವ ವಂಕಿಯನ್ನು ಕೇಳುವುದು ಒಳ್ಳೆಯದು. ಅದು ಮುಟ್ಟನ್ನೇ ಕಡಿಮೆ ಮಾಡುತ್ತದೆ.

ಹೆರಿಗೆಯ ಹೊತ್ತಿನಲ್ಲಿ ಯಾರಿಗೆ ಹಾಕಬಾರದು? ನೀರು ಒಡೆದು 18 ಗಂಟೆ ಮೀರಿದ್ದರೆ, ಜ್ವರ ಅಥವಾ ಗರ್ಭಕೋಶದ ಸೋಂಕಿದ್ದರೆ, ಹೆರಿಗೆಯ ನಂತರದ ರಕ್ತಸ್ರಾವ ನಿಂತಿಲ್ಲದಿದ್ದರೆ ಹಾಕುವುದಿಲ್ಲ. ಮೊದಲೇ ಒಪ್ಪಿದ್ದರೂ ಆ ಕ್ಷಣದಲ್ಲಿ ಹಾಕದೆ ಇರಬಹುದು ಎನ್ನುವುದಕ್ಕೆ ಇದೇ ಕಾರಣ. ಹಾಗಾಗಿ ಎರಡನೇ ಆಯ್ಕೆಯೂ ತಲೆಯಲ್ಲಿರಲಿ.

ಹಾರ್ಮೋನಿನ ವಿಧಾನಗಳು: ಎಲ್ಲವೂ ಒಂದಲ್ಲ

ನುಂಗುವ ಮಾತ್ರೆ ಎಂದಾಗ ನೆನಪಿಗೆ ಬರುವುದು ಎರಡು ಹಾರ್ಮೋನಿನ ಮಾತ್ರೆ, ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೋಜೆನ್ ಎರಡೂ ಇರುವಂಥದ್ದು. ಬಾಣಂತಿ ಮೊದಲು ದೂರ ಇಡಬೇಕಾದದ್ದು ಇದನ್ನೇ. ಹೆರಿಗೆಯ ನಂತರ ಆರು ವಾರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ, ಈಸ್ಟ್ರೋಜೆನ್ ಅದನ್ನು ಇನ್ನೂ ಹೆಚ್ಚಿಸುತ್ತದೆ. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಹಾಲೂಡಿಸುವವರು ಆರು ವಾರದೊಳಗೆ ಇದನ್ನು ಮುಟ್ಟಲೇಬಾರದು, ಆರು ತಿಂಗಳವರೆಗೂ ಬೇರೆ ದಾರಿ ಇದ್ದರೆ ಬೇಡ. ಹಾಲೂಡಿಸದವರು ಮೂರು ವಾರ ಬಿಡಬೇಕು. ಸಿಸೇರಿಯನ್ ಆದವರು, ಹೆರಿಗೆಯಲ್ಲಿ ತುಂಬಾ ರಕ್ತ ಹೋದವರು, ಬಿಪಿ ಏರಿದವರು, ದಪ್ಪಗಿರುವವರು, 35 ದಾಟಿದವರು, ಧೂಮಪಾನಿಗಳು ಆರು ವಾರ ಬಿಡಬೇಕು. ಮೊದಲ ಮಗುವಿಗೂ ಮುಂಚೆ ನುಂಗುತ್ತಿದ್ದ ಅರ್ಧ ಪಟ್ಟಿ ಕಪಾಟಿನಲ್ಲಿ ಉಳಿದಿದೆ ಎಂದು ಬಾಣಂತನದಲ್ಲಿ ಶುರುಮಾಡುವುದು ಇಲ್ಲೇ ಅಪಾಯಕಾರಿ.

ಪ್ರೊಜೆಸ್ಟೋಜೆನ್ ಒಂದೇ ಇರುವ ಮಾತ್ರೆ ಬೇರೆ. ಹಾಲೂಡಿಸುವವರೂ ಹೆರಿಗೆಯಾದ ಮೊದಲ ವಾರಗಳಲ್ಲೇ ಶುರುಮಾಡಬಹುದು. ಇದರ ಕಷ್ಟ ಗಡಿಯಾರ. ಹಳೆಯ ಬಗೆಯದಾದರೆ ಮೂರು ಗಂಟೆ ತಡವಾದರೂ ತಪ್ಪಿದ ಹಾಗೆ. ಡೆಸೊಜೆಸ್ಟ್ರೆಲ್ ಎಂಬ ಪ್ರೊಜೆಸ್ಟೋಜೆನ್ ಇರುವ 75 ಮೈಕ್ರೋಗ್ರಾಮಿನದಾದರೆ 12 ಗಂಟೆ ಸಮಯ ಸಿಗುತ್ತದೆ. ತಪ್ಪಿದರೆ ನೆನಪಾದ ಕೂಡಲೇ ಒಂದು ನುಂಗಿ, ಮುಂದಿನದನ್ನು ಎಂದಿನ ಸಮಯಕ್ಕೆ ತೆಗೆದುಕೊಂಡು, ಎರಡು ದಿನ ಕಾಂಡೋಮ್ ಬಳಸಿ. ಈ ಎರಡು ಬಗೆಯಲ್ಲಿ ಒಂದು ಪಟ್ಟಿ ಮುಗಿದ ಮರುದಿನವೇ ಇನ್ನೊಂದು, ನಡುವೆ ಬಿಡುವಿಲ್ಲ. ರಾತ್ರಿ ಹಗಲು ಒಂದಾಗಿರುವ ಬಾಣಂತಿಗೆ ಇದು ಸುಲಭವಲ್ಲ. ಫೋನಿನಲ್ಲಿ ಅಲಾರಂ ಇಟ್ಟರೆ ಸಾಲದು, ಮಾತ್ರೆ ಕೈಗೆಟಕುವ ಜಾಗದಲ್ಲೂ ಇರಬೇಕು.

ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದು ಡಿಎಂಪಿಎ, ಸ್ನಾಯುವಿಗೆ 150 ಮಿಲಿಗ್ರಾಂ. ಹಾಲೂಡಿಸುವವರಿಗೆ ಆರು ವಾರದ ನಂತರ ಕೊಡುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಹಾಲೂಡಿಸದವರಿಗೆ ಕೂಡಲೇ ಕೊಡಬಹುದು. ಚುಚ್ಚಿದ ಜಾಗವನ್ನು ತಿಕ್ಕಬೇಡಿ, ಮದ್ದು ಬೇಗ ಹರಡಿ ಬೇಗ ಖರ್ಚಾಗುತ್ತದೆ. ಮುಂದಿನ ಸೂಜಿ ನಾಲ್ಕು ವಾರ ತಡವಾದರೂ ಪರೀಕ್ಷೆಯಿಲ್ಲದೆ ಕೊಡಬಹುದು, ಆದರೆ ಅದನ್ನೇ ರೂಢಿ ಮಾಡಿಕೊಳ್ಳಬೇಡಿ. ಇದನ್ನು ಆರಿಸುವ ಮುನ್ನ ಒಂದು ಮಾತು ತಿಳಿದಿರಬೇಕು: ನಿಲ್ಲಿಸಿದ ಮೇಲೆ ಬಸಿರಾಗುವುದು ತಡ. ಕೊನೆಯ ಸೂಜಿಯಿಂದ ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆ. ಎರಡು ವರ್ಷಕ್ಕೆ ಸರಿಯಾಗಿ ಇನ್ನೊಂದು ಮಗು ಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ.

ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಬೆಂಕಿಕಡ್ಡಿಯಷ್ಟು ಉದ್ದದ ಮೆತ್ತನೆಯ ಕಡ್ಡಿ. ಒಂದು ಕಡ್ಡಿಯದಾದರೆ ಮೂರು ವರ್ಷ, ಎರಡು ಕಡ್ಡಿಯದಾದರೆ ಐದು ವರ್ಷ. ಹೆರಿಗೆಯಾಗಿ ಮನೆಗೆ ಹೊರಡುವ ಮುನ್ನವೇ ಇಡಬಹುದು, ಹಾಲೂಡಿಸುವವರಿಗೂ ಸರಿ. ಇಟ್ಟ ಕೂಡಲೇ ಬೆರಳಿನಿಂದ ಒತ್ತಿ ನೋಡಿ, ಕಡ್ಡಿ ತಗುಲಬೇಕು. ಆಳಕ್ಕೆ ಹೋಗಿದ್ದರೆ ತೆಗೆಯುವಾಗ ತೊಂದರೆ. ಇದನ್ನು ಅರ್ಧಕ್ಕೆ ತೆಗೆಸುವವರ ಮುಖ್ಯ ದೂರು ಹೊತ್ತುಗೊತ್ತಿಲ್ಲದ ಹನಿ ರಕ್ತ. ಅಪಾಯವಲ್ಲ, ಕಿರಿಕಿರಿ ಹೌದು. ಮೊದಲೇ ಹೇಳಿಸಿಕೊಂಡವರು ಅದನ್ನು ತಾಳಿಕೊಳ್ಳುತ್ತಾರೆ, ಗೊತ್ತಿಲ್ಲದವರು ಹೆದರುತ್ತಾರೆ.

ಕಾಂಡೋಮ್, ಹಾಗೂ ಹಾಸಿಗೆಯ ಪಕ್ಕದ ಎಣ್ಣೆ

ಕಾಂಡೋಮಿಗೆ ದಿನದ ಲೆಕ್ಕವಿಲ್ಲ, ಹಾಲಿನ ಚಿಂತೆಯಿಲ್ಲ, ಸೋಂಕನ್ನೂ ತಡೆಯುತ್ತದೆ. ಆದರೆ ಬಾಣಂತಿಯ ಸಂಗಾತಿ ಬಳಸುವಾಗ ಒಂದು ವಿಶೇಷ ತೊಡಕಿದೆ. ಹಾಲೂಡಿಸುವಾಗ ಈಸ್ಟ್ರೋಜೆನ್ ಕಡಿಮೆಯಾಗಿ ಯೋನಿ ಒಣಗಿರುತ್ತದೆ. ಉರಿಯಾಗುತ್ತದೆ, ಘರ್ಷಣೆಗೆ ಕಾಂಡೋಮ್ ಹರಿಯುತ್ತದೆ. ಆಗ ಕೈಗೆ ಸಿಗುವುದು ಮಗುವಿಗೆ ಹಚ್ಚುವ ಎಣ್ಣೆಯೋ ವ್ಯಾಸಲೀನೋ. ಎಣ್ಣೆ ತಾಗಿದ ಲೇಟೆಕ್ಸ್, ಅಂದರೆ ಕಾಂಡೋಮಿನ ರಬ್ಬರು, ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ನೀರಿನ ಅಥವಾ ಸಿಲಿಕೋನಿನ ಜಾರುಜೆಲ್ ಮಾತ್ರ ಬಳಸಿ. ಕಾಂಡೋಮ್ ಒಡೆದರೆ, 21 ದಿನ ದಾಟಿದವರು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ತುರ್ತು ಮಾತ್ರೆಯನ್ನು ಆದಷ್ಟು ಬೇಗ, 72 ಗಂಟೆಯೊಳಗೆ ನುಂಗಬೇಕು. ಹಾಲು ನಿಲ್ಲಿಸುವ ಅಗತ್ಯವಿಲ್ಲ.

ಒಂದು ವರ್ಷದಲ್ಲಿ ನೂರು ಮಂದಿಯ ಲೆಕ್ಕ ಹೀಗಿದೆ, ಜನ ನಿಜಜೀವನದಲ್ಲಿ ಬಳಸುವ ರೀತಿಯಲ್ಲಿ: ವಂಕಿ, ಇಂಪ್ಲಾಂಟ್, ಆಪರೇಷನ್ ಇವುಗಳಲ್ಲಿ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ಚುಚ್ಚುಮದ್ದಿನಲ್ಲಿ 4, ಮಾತ್ರೆಯಲ್ಲಿ 7, ಕಾಂಡೋಮಿನಲ್ಲಿ 13, ವೀರ್ಯ ಹೊರಗೆ ಬಿಡುವುದರಲ್ಲಿ 20. ದಿನ ಎಣಿಸುವ ವಿಧಾನವನ್ನು ಬಾಣಂತಿ ನೆಚ್ಚಬಾರದು, ಎಣಿಸಲು ಸರಿಯಾದ ಋತುಚಕ್ರವೇ ಇನ್ನೂ ಇರುವುದಿಲ್ಲ.

ಇನ್ನು ಮಕ್ಕಳು ಬೇಡ ಎನ್ನುವವರಿಗೆ

ಹೆಣ್ಣಿನ ಆಪರೇಷನ್ ಹೆರಿಗೆಯಾದ ಏಳು ದಿನದೊಳಗೆ ಸುಲಭ. ಗರ್ಭಕೋಶ ಮೇಲಿರುವುದರಿಂದ ಹೊಕ್ಕುಳಿನ ಕೆಳಗೆ ಚಿಕ್ಕದಾಗಿ ಕೊಯ್ದರೆ ಅಂಡನಾಳಗಳು ಸಿಗುತ್ತವೆ. ಏಳು ದಿನ ಕಳೆದರೆ ಆರು ವಾರ ಆಗುವವರೆಗೆ ಮುಂದೂಡಬೇಕು. ಸಣ್ಣ ತೂತಿನಿಂದ ದುರ್ಬೀನು ಇಳಿಸಿ ಮಾಡುವ ಲ್ಯಾಪರೊಸ್ಕೋಪಿಯೂ ಆರು ವಾರದ ಮೇಲೆಯೇ. ಇದನ್ನು ಮರಳಿ ಸರಿಪಡಿಸಲಾಗುವುದಿಲ್ಲ ಎಂದುಕೊಂಡೇ ನಿರ್ಧರಿಸಬೇಕು. ಮೂವತ್ತರೊಳಗೆ ಮಾಡಿಸಿಕೊಂಡವರಲ್ಲಿ ಮುಂದೆ ಪಶ್ಚಾತ್ತಾಪ ಹೆಚ್ಚು. ಹೆರಿಗೆ ನೋವಿನ ನಡುವೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸುವುದು ತಪ್ಪು. ಆ ಮಾತು ಗರ್ಭಿಣಿಯಾಗಿದ್ದಾಗಲೇ, ಸಮಾಧಾನದಲ್ಲಿ ಆಗಿರಬೇಕು. ಒಪ್ಪಿದ ಮೇಲೂ ಕೊನೆಯ ಕ್ಷಣದವರೆಗೆ ಬೇಡವೆನ್ನುವ ಹಕ್ಕು ಆಕೆಯದು.

ಗಂಡಸಿನ ಆಪರೇಷನ್ ಇದಕ್ಕಿಂತ ಚಿಕ್ಕದು, ಹೆಚ್ಚು ಸುರಕ್ಷಿತ, ವಿಫಲವಾಗುವುದೂ ಕಡಿಮೆ. ಹೊಟ್ಟೆ ಕೊಯ್ಯುವುದಿಲ್ಲ, ಜಾಗ ಮರಗಟ್ಟಿಸಿ ಮಾಡುತ್ತಾರೆ, ಅಂದೇ ಮನೆಗೆ. ಗಂಡಸಿನ ಹಾರ್ಮೋನ್ ರಕ್ತದ ಮೂಲಕ ಹೋಗುತ್ತದೆ. ಕತ್ತರಿಸುವುದು ವೀರ್ಯಾಣು ಸಾಗುವ ನಾಳವನ್ನು ಮಾತ್ರ. ಹಾಗಾಗಿ ಶಕ್ತಿ ಕುಂದುವುದಿಲ್ಲ, ಸುಖವೂ ಕುಂದುವುದಿಲ್ಲ. ಎಡವುವುದು ಕಾಯುವುದರಲ್ಲಿ: ನಾಳದ ಮುಂದಿನ ಭಾಗದಲ್ಲಿ ವೀರ್ಯಾಣು ಉಳಿದಿರುತ್ತದೆ, ಅದಕ್ಕೇ ಮೂರು ತಿಂಗಳು ಬೇರೆ ರಕ್ಷಣೆ ಬೇಕು, ಆಮೇಲೆ ವೀರ್ಯ ಪರೀಕ್ಷೆ. ಹೆಂಡತಿ ಈಗಷ್ಟೇ ಒಂಬತ್ತು ತಿಂಗಳು ಹೊತ್ತು ಹೆತ್ತಿದ್ದಾಳೆ. ಎರಡನೇ ಕೊಯ್ತವೂ ಅವಳದೇ ಏಕಾಗಬೇಕು ಎಂದು ಮನೆಯಲ್ಲಿ ಕೇಳಿಕೊಳ್ಳಿ ಎಂದು ನಾವು ನೇರವಾಗಿಯೇ ಹೇಳುತ್ತೇವೆ.

ಸಭೆಯಲ್ಲಿ ಬಂದ ಪ್ರಶ್ನೆಗಳು

*ಚುಚ್ಚುಮದ್ದಿನಿಂದ ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುವುದಿಲ್ಲವೇ?*

ಇಲ್ಲ. ಮುಟ್ಟಿನಲ್ಲಿ ಹೋಗುವುದು ಆ ತಿಂಗಳು ಬೆಳೆದ ಗರ್ಭಕೋಶದ ಒಳಪದರ. ಚುಚ್ಚುಮದ್ದು ಆ ಪದರ ಬೆಳೆಯದಂತೆ ಮಾಡುತ್ತದೆ. ಬೆಳೆಯದೆ ಇದ್ದಾಗ ಹೊರಹೋಗಬೇಕಾದದ್ದೂ ಇಲ್ಲ. ರಕ್ತಹೀನತೆ ಇರುವವರಿಗೆ ಇದರಿಂದ ಅನುಕೂಲವೇ.

*ಬೇರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ತೊಂದರೆಯಿದೆಯೇ?*

ಕೆಲವಕ್ಕೆ ಇದೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್ ಮತ್ತು ಕಾರ್ಬಮಾಜೆಪಿನ್ ಗರ್ಭನಿರೋಧಕ ಮಾತ್ರೆಯ, ಇಂಪ್ಲಾಂಟಿನ ಬಲ ಕುಗ್ಗಿಸುತ್ತವೆ. ವಂಕಿಗೂ ಡಿಎಂಪಿಎ ಚುಚ್ಚುಮದ್ದಿಗೂ ಅಡ್ಡಿಯಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಯಾವ ಹಾರ್ಮೋನೂ ಬೇಡ, ತಾಮ್ರದ ವಂಕಿ ಸರಿ.

*ಮೂರು ತಿಂಗಳಾಯಿತು, ಮುಟ್ಟು ಬಂದಿಲ್ಲ, ಏನೂ ಬಳಸಿಲ್ಲ. ಈಗ ಏನು ಮಾಡಬೇಕು?*

ಮುಟ್ಟಿಗೆ ಕಾಯಬೇಡಿ. ಹಾಲೂಡಿಸುವ ಮೂರೂ ಷರತ್ತು ಇಂದಿನವರೆಗೂ ಪಾಲನೆಯಾಗಿದ್ದರೆ ಇವತ್ತೇ ಯಾವ ವಿಧಾನವನ್ನಾದರೂ ಶುರುಮಾಡಬಹುದು, ಎರಡು ಹಾರ್ಮೋನಿನ ಮಾತ್ರೆಯೊಂದನ್ನು ಬಿಟ್ಟು. ಷರತ್ತು ತಪ್ಪಿದ್ದು, ಗಂಡಹೆಂಡತಿ ಕೂಡಿದ್ದರೆ ಮೊದಲು ಮೂತ್ರ ಪರೀಕ್ಷೆ. ಬಸಿರಿಲ್ಲ ಎಂದು ಬಂದರೂ ತೀರಾ ಈಚಿನ ಬಸಿರು ಅದರಲ್ಲಿ ಕಾಣದಿರಬಹುದು. ಆದ್ದರಿಂದ ಚುಚ್ಚುಮದ್ದನ್ನೋ ಮಾತ್ರೆಯನ್ನೋ ಶುರುಮಾಡಿ, ಚುಚ್ಚುಮದ್ದಿಗಾದರೆ ಏಳು ದಿನ, ಒಂದೇ ಹಾರ್ಮೋನಿನ ಮಾತ್ರೆಗಾದರೆ ಎರಡು ದಿನ ಕಾಂಡೋಮ್ ಜೊತೆಗಿರಲಿ, ಮೂರು ವಾರ ಬಿಟ್ಟು ಇನ್ನೊಮ್ಮೆ ಮೂತ್ರ ಪರೀಕ್ಷೆ ಮಾಡಿ. ವಂಕಿ ಬೇಕೆಂದರೆ ಬಸಿರಿಲ್ಲವೆಂದು ಖಚಿತವಾಗುವವರೆಗೆ ಕಾಂಡೋಮಿನಲ್ಲಿ ದಿನ ದೂಡಿ, ಆಮೇಲೆ ಹಾಕಿಸಿಕೊಳ್ಳಿ.